ಕಟ್ಟೆಗೆ ಬಂದ ಟೇಲರ್ ಸಾಹೇಬ

ಪುಸ್ತಕವೊಂದನ್ನು ಓದಿ ಮುಗಿಸಿ ಹಿಂದಿರುಗಿಸಲು ಬಂದವರನ್ನು 'ಹೇಗಿದೆ?' ಎಂದು ಕೇಳಿ ನೋಡಿರಿ. ನಮ್ಮ ರಾಯಚೂರು ಸೀಮೆಯಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಕೊಡುವ ಉತ್ತರ ಒಂದೇ: "ಚಲೋ ಐತಿ ಬಿಡ್ರಿ." ಇದರಲ್ಲಿ 'ಚಲೋ' ಎಂಬುದು ಗ್ರಂಥಕರ್ತನಿಗೆ ಸಲ್ಲತಕ್ಕದ್ದು, 'ಬಿಡ್ರಿ' ಎಂಬುದು ನಮಗೆ. ಮುಂದೆ ಏನನ್ನೂ ಕೇಳಬೇಡಿರಿ ಎಂಬುದೇ ಅದರ ತಾತ್ಪರ್ಯ.

ಕನ್ನಡದಲ್ಲಿ ಎಂ.ಎ. ಮಾಡಿ ಕಾಲೇಜಿನಲ್ಲಿ ಪಾಠ ಹೇಳುವ ನನ್ನಂಥವನಿಗೆ ಪುಸ್ತಕಗಳ ವಿಷಯದಲ್ಲಿ ಅಭಿಪ್ರಾಯಗಳಿರುವುದು ಅನಿವಾರ್ಯ. ಸಂಬಳ ಬರುವುದೇ ಅದಕ್ಕಾಗಿ. ಆದರೆ ಆ ಅಭಿಪ್ರಾಯಗಳಲ್ಲಿ ನನ್ನವೆಷ್ಟು, ಯಾರದೋ ಮುನ್ನುಡಿಯಿಂದ ಎತ್ತಿಕೊಂಡವೆಷ್ಟು ಎಂಬ ಲೆಕ್ಕವನ್ನು ನಾನು ಎಂದೂ ಇಟ್ಟವನಲ್ಲ. ಕಳೆದ ಬೇಸಿಗೆಯ ರಜೆಯಲ್ಲಿ ಆ ಲೆಕ್ಕವನ್ನು ತೆಗೆಯಬೇಕಾಗಿ ಬಂತು. ತೆಗೆಸಿದವರು ಪಂಡಿತರಲ್ಲ, ನಮ್ಮ ಮನೆಯ ಮುಂದಿನ ಕಟ್ಟೆಯ ಮೇಲೆ ಸಂಜೆ ಕುಳಿತುಕೊಳ್ಳುವ ನಾಲ್ಕು ಜನ.

ನನ್ನೂರು ಗುರುಗುಂಟಾ, ಲಿಂಗಸುಗೂರಿನಿಂದ ಸುರಪುರದ ಕಡೆಗೆ ಹೋಗುವ ದಾರಿಯಲ್ಲಿ ಸಿಗುವ ಊರು. ನಿಜಾಮರ ಆಳ್ವಿಕೆಯಲ್ಲಿ ಹೈದರಾಬಾದಿಗೆ ಒಳಪಟ್ಟಿದ್ದ ಸಂಸ್ಥಾನಗಳ ಪಟ್ಟಿಯಲ್ಲಿ ಗದ್ವಾಲ, ವನಪರ್ತಿ, ಆನೆಗೊಂದಿಗಳ ಜೊತೆಗೆ ಗುರುಗುಂಟಾದ ಹೆಸರೂ ಇದ್ದಿತು. ಈಗ ಹೊರಗಿನವರು ನಮ್ಮನ್ನು ಗುರುತಿಸುವುದು ಅಮರೇಶ್ವರನಿಂದ, ಇಲ್ಲವೆ ನೆರೆಯ ಹಟ್ಟಿಯ ಚಿನ್ನದ ಗಣಿಯಿಂದ. ನನ್ನ ಪುಸ್ತಕಗಳು ಲಿಂಗಸುಗೂರಿನ ಬಸ್ಸಿನಲ್ಲಿಯೋ ಅಂಚೆಯಲ್ಲಿಯೋ ಬರತಕ್ಕವು. ಬಂದ ಮೇಲೆ ಅವು ನನ್ನವಾಗಿ ಉಳಿಯುವುದಿಲ್ಲ. ಮನೆಯಿಂದ ಮನೆಗೆ ಹೋಗಿ, ರಕ್ಷಾಪತ್ರ ಕಳೆದುಕೊಂಡು, ಅರಿಸಿನದ ಬೆರಳಿನ ಗುರುತನ್ನು ಪಡೆದು ಹಿಂದಿರುಗುತ್ತವೆ. ವಾರಪತ್ರಿಕೆಗಳ ಧಾರಾವಾಹಿಗಳ ಕಥೆಯಂತೂ ಬೇರೆಯೇ. ನಮ್ಮ ಅವ್ವ ಅವುಗಳ ಹಾಳೆಗಳನ್ನು ಬಿಡಿಸಿ, ದಬ್ಬಣದಿಂದ ಹೊಲಿದು ಇಟ್ಟುಕೊಂಡಿದ್ದಾಳೆ. ಅಂಥ ನಾಲ್ಕು ಕಟ್ಟುಗಳಲ್ಲಿ ಒಂದಕ್ಕೆ ಕೊನೆಯ ಕಂತು ಇಲ್ಲ. ಅವಳಿಗೆ ಅದೇ ಬಹಳ ಪ್ರಿಯ. ತನಗೆ ಬೇಕಾದ ಹಾಗೆ ಮುಗಿಸಿಕೊಳ್ಳಬಹುದಂತೆ.

ಬೇಸಿಗೆಯಲ್ಲಿ ನಮ್ಮ ಕಡೆ ಹೊತ್ತು ಮುಳುಗುವ ತನಕ ಯಾವ ಕೆಲಸವೂ ಸಾಗದು. ಮುಳುಗಿದ ಮೇಲೆ ಕಟ್ಟೆಯ ಕಲ್ಲಿಗೆ ಎರಡು ಕೊಡ ನೀರು ಸುರಿದರೆ ಅರ್ಧ ಗಂಟೆಯಲ್ಲಿ ಕುಳಿತುಕೊಳ್ಳುವಂತಾಗುತ್ತದೆ. ಅಲ್ಲಿ ನಾನು, ಅವ್ವ, ನನ್ನ ಮಡದಿ, ಮಸ್ಕಿಯಿಂದ ರಜೆಗೆ ಬಂದಿದ್ದ ಬಿ.ಎ. ಓದುವ ಸೋದರಳಿಯ ಮತ್ತು ಎದುರು ಮನೆಯ ಕಾಕಾ. ಕಾಕಾ ರಕ್ತಸಂಬಂಧಿಯಲ್ಲ, ಓಣಿಯ ಸಂಬಂಧಿ. ಹಟ್ಟಿಯ ಗಣಿಯಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ನೆಲದೊಳಗೆ ದುಡಿದು ನಿವೃತ್ತರಾದವರು. ನನ್ನಿಂದ ಪುಸ್ತಕ ಒಯ್ದವರು 'ಚಲೋ ಐತಿ' ಎನ್ನಕೂಡದೆಂದು ನಾನು ಒಂದು ನಿಯಮ ಮಾಡಿದಾಗ ಅವರು ನಕ್ಕರು. "ತಮ್ಮಾ, ಒಂದ ಟನ್ ಕಲ್ಲು ಅರದರ ನಾಕ ಗ್ರಾಂ ಬಂಗಾರ ಸಿಕ್ಕರ ಪುಣ್ಯ. ಬುಕ್ಕಿನಾಗೂ ಅಷ್ಟ ಇರಬೇಕು. ಅದು ಯಾವ ಪುಟದಾಗ ಐತಿ ಹೇಳಿಬಿಡು, ಅಷ್ಟ ಓದತೀನಿ" ಎಂದರು. ನಾನು ಆ ಪುಟಗಳನ್ನು ತೋರಿಸುವ ಹೊಣೆಯನ್ನು ಹೊತ್ತುಕೊಂಡೆ. ತಪ್ಪಾದದ್ದು ಅಲ್ಲಿಯೇ.

ಆಗ ನನ್ನ ಕೈಯಲ್ಲಿದ್ದುದು ಫಿಲಿಪ್ ಮೆಡೋಸ್ ಟೇಲರನ ಆತ್ಮಕಥೆ, 'ಸ್ಟೋರಿ ಆಫ್ ಮೈ ಲೈಫ್'. ಟೇಲರ್ 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿದವನು. ಹದಿನಾರು ತುಂಬುವ ಮುನ್ನ, 1824ರಲ್ಲಿ, ಮುಂಬಯಿಗೆ ಬಂದಿಳಿದು, ನಿಜಾಮನ ಸೇನೆಯಲ್ಲಿ ನೌಕರಿ ಹಿಡಿದು, ಹೆಚ್ಚುಕಡಿಮೆ ತನ್ನ ಇಡೀ ಆಯುಷ್ಯವನ್ನು ದಖ್ಖನಿನಲ್ಲಿ ಕಳೆದವನು. 1839ರಲ್ಲಿ ಪ್ರಕಟವಾದ ಅವನ ಠಕ್ಕರ ಕಾದಂಬರಿ ಇಂಗ್ಲೆಂಡಿನಲ್ಲಿ ಅವನಿಗೆ ದೊಡ್ಡ ಹೆಸರನ್ನು ತಂದಿತು. ಆತ್ಮಕಥೆ ಅಚ್ಚಾದದ್ದು 1877ರಲ್ಲಿ, ಅವನು ತೀರಿಕೊಂಡ ಮರುವರ್ಷ. ಮಗಳು ಅದನ್ನು ಸಂಪಾದಿಸಿ ಹೊರತಂದಳು. ನಮಗೆ ಅದರಲ್ಲಿ ವಿಶೇಷ ಆಸಕ್ತಿ ಇರಲು ಕಾರಣವೆಂದರೆ, 1841ರಿಂದ 1853ರವರೆಗೆ ಅವನು ಇದ್ದುದು ಸುರಪುರದಲ್ಲಿ. ತಿಂಥಣಿಯ ಸೇತುವೆಯ ಮೇಲೆ ಕೃಷ್ಣೆಯನ್ನು ದಾಟಿದರೆ ಸುರಪುರ ನಮಗೆ ನೆರೆಯೂರು. ಅಲ್ಲಿಯ ನಾಯಕ ಅರಸರ ಸುದ್ದಿ ಇಲ್ಲಿಯವರಿಗೆ ಮನೆಯ ಸುದ್ದಿ.

ಪುಸ್ತಕ ಇಂಗ್ಲಿಷಿನಲ್ಲಿದೆ. ಕಟ್ಟೆಯ ಮೇಲೆ ಆ ಭಾಷೆಯನ್ನು ಸಲೀಸಾಗಿ ಓದಬಲ್ಲವನು ನಾನೊಬ್ಬನೇ. ಆದುದರಿಂದ ಶ್ರಾವಣದಲ್ಲಿ ಪುರಾಣ ಹೇಳುವವರಂತೆ ದಿನಕ್ಕೊಂದು ಅಧ್ಯಾಯದ ಸಾರವನ್ನು ಕನ್ನಡದಲ್ಲಿ ಹೇಳತೊಡಗಿದೆ. ಮೂರನೆಯ ದಿನದ ಹೊತ್ತಿಗೆ ಪಕ್ಕದ ಮನೆಗಳಿಂದಲೂ ಇಬ್ಬರು ಮೂವರು ಬಂದು ಕುಳಿತರು.

ಕಥೆಯಾದರೂ ಅಂಥದು. ಸುರಪುರದ ಅರಸ ತೀರಿಕೊಂಡ. ಎಳೆಯ ಮಗ ವೆಂಕಟಪ್ಪನಾಯಕ ಪಟ್ಟಕ್ಕೆ ಬಂದ. ತಾಯಿ ರಾಣಿ ಈಶ್ವರಮ್ಮ. ಸಂಸ್ಥಾನದ ಮೇಲೆ ಸಾಲದ ಹೊರೆ. ಅದನ್ನು ತಹಬಂದಿಗೆ ತರಲು ಸರ್ಕಾರದ ಪರವಾಗಿ ಬಂದ ಟೇಲರ್ ಹುಡುಗನಿಗೆ ಪಾಠ ಹೇಳಿಸಿದ, ಗುಡ್ಡದ ಮೇಲೆ ತನಗೊಂದು ಬಂಗಲೆ ಕಟ್ಟಿಕೊಂಡ. ಹುಡುಗ ಅವನನ್ನು ಕರೆಯುತ್ತಿದ್ದುದು 'ಅಪ್ಪಾ' ಎಂದು. ಒಮ್ಮೆ ರಾಣಿ ಕಾಯಿಲೆ ಬಿದ್ದಾಗ ಕೆಲವೇ ಆಪ್ತರಿಗೆ ತಿಳಿದಿದ್ದ ಗುಟ್ಟೊಂದು ಟೇಲರನಿಗೆ ತಿಳಿಯಿತು: ಜಾತಕದ ಪ್ರಕಾರ ಹುಡುಗನ ಇಪ್ಪತ್ತನಾಲ್ಕನೆಯ ವರ್ಷ ಪೂರ್ತಿಯಾಗದು. 1853ರಲ್ಲಿ ರಾಜ್ಯವನ್ನು ಪ್ರಾಯಕ್ಕೆ ಬಂದ ಅರಸನ ಕೈಗೆ ಒಪ್ಪಿಸಿ ಟೇಲರ್ ಬೇರೆ ಕಡೆ ಹೋದ. 1857ರ ದಂಗೆಯ ಬಿಸಿ ಇಲ್ಲಿಗೂ ಮುಟ್ಟಿತು. 1858ರ ಫೆಬ್ರವರಿಯಲ್ಲಿ ಸುರಪುರದ ಮೇಲೆ ದಂಡು ಹೋಯಿತು. ಅದರಲ್ಲಿ ಒಂದು ಪಾಲು ನಮ್ಮ ಲಿಂಗಸುಗೂರಿನ ಛಾವಣಿಯದೇ. (ಇಂದಿಗೂ ಹಳಬರು ಲಿಂಗಸುಗೂರಿಗೆ ಛಾವಣಿ ಎನ್ನುವುದುಂಟು, ಏಕೆಂದು ಕೇಳಿದರೆ ಹೇಳುವವರು ಕಡಿಮೆ.) ಅರಸ ಹೈದರಾಬಾದಿಗೆ ಹೋಗಿ ಸೆರೆಯಾದ.

ಸೆರೆಮನೆಯಲ್ಲಿ ಟೇಲರ್ ಅವನನ್ನು ಕಂಡ ಪ್ರಸಂಗವನ್ನು ನಾನು ಕೊಂಚ ಉತ್ಸಾಹದಿಂದಲೇ ಹೇಳಿದೆನೆಂದು ತೋರುತ್ತದೆ. ತನ್ನನ್ನು ಕಳ್ಳನಂತೆ ಗಲ್ಲಿಗೇರಿಸುವುದು ಬೇಡ, ತೋಪಿನ ಬಾಯಿಗೆ ಕಟ್ಟಿ ಹಾರಿಸಲಿ, ಅಂಜುವುದಿಲ್ಲ ಎಂದು ಆ ತರುಣ ಬೇಡಿದನಂತೆ. ಗಲ್ಲು ತಪ್ಪಿತು, ಶಿಕ್ಷೆ ಇಳಿದಿಳಿದು ನಾಲ್ಕು ವರ್ಷಗಳ ಸೆರೆಯಾಗಿ, ಅವನನ್ನು ಚೆಂಗಲ್ಪಟ್ಟಿನ ಕೋಟೆಗೆ ಕಳುಹಿಸಬೇಕೆಂದಾಯಿತು. ದಾರಿಯ ಬಿಡಾರದಲ್ಲಿ ಕಾವಲು ಅಧಿಕಾರಿಯ ಪಿಸ್ತೂಲಿನ ಗುಂಡಿಗೆ ಅವನ ಪ್ರಾಣ ಹೋಯಿತು. ತಾನೇ ಹೊಡೆದುಕೊಂಡನೆಂದು ಟೇಲರ್ ಬರೆಯುತ್ತಾನೆ. ಜಾತಕದ ಮಾತು ನಿಜವಾಯಿತೆಂಬ ವಿಸ್ಮಯದೊಂದಿಗೆ ಆ ಭಾಗ ಮುಗಿಯುತ್ತದೆ.

ಹೇಳಿ ಮುಗಿಸಿ, ಅಭಿಪ್ರಾಯವನ್ನೂ ನಾನೇ ಕೊಟ್ಟೆ. ಪರಕೀಯನಾದರೂ ನಮ್ಮವರ ಮೇಲೆ ಇಷ್ಟು ಅಂತಃಕರಣವಿದ್ದ ಅಧಿಕಾರಿ ಅಪರೂಪ. ಈ ಬರವಣಿಗೆಯ ಬೆಲೆ ಇರುವುದು ಆ ಅಂತಃಕರಣದಲ್ಲಿಯೇ, ಎಂದೆ. ಹೊಸದಾಗಿ ಹೊಳೆದ ಮಾತೇನಲ್ಲ. ಕೆಲವು ವರ್ಷಗಳ ಹಿಂದೆ ಕಾಲೇಜಿನ ವಾರ್ಷಿಕ ಸಂಚಿಕೆಗೆ ಟೇಲರನನ್ನು ಸುರಪುರದ ಸ್ನೇಹಿತನೆಂದು ಕರೆದು ಲೇಖನವೊಂದನ್ನು ಬರೆದಿದ್ದೆ. ಅದನ್ನೇ ಬಾಯಿಪಾಠ ಒಪ್ಪಿಸಿದೆನೆನ್ನಬಹುದು.

ಕಾಕಾ ಅಡಿಕೆಯನ್ನು ಬಾಯೊಳಗೆ ಆಚೆ ಈಚೆ ಮಾಡಿ ಕೇಳಿದರು: "ತಮ್ಮಾ, ಆ ಹುಡುಗ ಅವಗ 'ಅಪ್ಪಾ' ಅಂದಾನ. ಅಪ್ಪ ಅನಿಸಿಕೊಂಡವ ಮಗನ್ನ ಯಾಕ ಬಿಡಿಸಲಿಲ್ಲ?"

ನಾನು ವಿವರಿಸಿದೆ. ಅವನಿಗೆ ಬಿಡಿಸುವ ಅಧಿಕಾರವಿರಲಿಲ್ಲ. ಮೇಲೆ ರೆಸಿಡೆಂಟನಿದ್ದ, ಅವನ ಮೇಲೆ ಗವರ್ನರ್ ಜನರಲ್. ಆದರೂ ಟೇಲರ್ ಅರಸನ ಹಿತಕ್ಕಾಗಿ ಮಾತನಾಡಿದ್ದಾನೆ, ಎಂದೆ.

"ಮಾತಾಡಿದಾನಂತ ಹೇಳಿದವರು ಯಾರು?"

"ಅವನೇ ಬರೆದಿದ್ದಾನೆ, ಕಾಕಾ."

"ಗುಂಡು ಹೊಡಕೊಂಡಾಗ ಅವ ಅಲ್ಲಿದ್ದನೇನು?"

"ಇರಲಿಲ್ಲ. ಆಮೇಲೆ ಸುದ್ದಿ ಬಂತು."

"ದಂಡು ಬಂದಾಗ?"

"ಆಗಲೂ ಸುರಪುರದಲ್ಲಿರಲಿಲ್ಲ."

"ಅಂದ್ರ ಈ ಕೇಸಿನಾಗ ಸಾಕ್ಷೀನೂ ಅವನ, ವಕೀಲನೂ ಅವನ, ತೀರ್ಪು ಬರದವನೂ ಅವನ. ಹಂಗಾದ್ರ ನೀ ಓದಿದ್ದೇನು?"

ಸೋದರಳಿಯ ನಕ್ಕುಬಿಟ್ಟ, ಮಾವನಿಗೆ ಕಸಿವಿಸಿಯಾದೀತೆಂದು ತಕ್ಷಣ ತಡೆದುಕೊಂಡ. ನನಗೆ ಕಸಿವಿಸಿಯಾದದ್ದು ನಿಜ. ಎಂ.ಎ. ತರಗತಿಯಲ್ಲಿ 'ನಿರೂಪಕನ ದೃಷ್ಟಿಕೋನ' ಎಂಬುದರ ಮೇಲೆ ಹತ್ತು ಪುಟ ಟಿಪ್ಪಣಿ ಬರೆದುಕೊಂಡವನು ನಾನು. ಆದರೆ ಒಳ್ಳೆಯ ಗದ್ಯವನ್ನು ಬರೆಯಬಲ್ಲವನು ಎದುರಿಗೆ ಕುಳಿತು ಕಣ್ಣೀರು ತುಂಬಿಕೊಂಡು ಹೇಳುತ್ತಿದ್ದರೆ, ಆ ಟಿಪ್ಪಣಿಗಳೆಲ್ಲ ಎಲ್ಲಿಗೆ ಹೋಗುತ್ತವೆಯೋ ಕಾಣೆ.

ಅಂದು ರಾತ್ರಿ ಊಟಕ್ಕೆ ಬಡಿಸುತ್ತಿದ್ದಾಗ ಅವ್ವ ಇನ್ನೊಂದನ್ನು ಎತ್ತಿದಳು. ಟೇಲರ್ ಈಶ್ವರಮ್ಮನನ್ನು ಬಹಳ ಕೆಟ್ಟದಾಗಿ ಚಿತ್ರಿಸಿದ್ದಾನೆ; ಅಧಿಕಾರದಾಹಿ, ನಡತೆಗೆಟ್ಟವಳು, ಮಗನನ್ನು ಹಾಳು ಮಾಡಿದವಳು ಎಂಬರ್ಥದಲ್ಲಿ. ಆ ಭಾಗಗಳನ್ನು ನಾನು ಮರ್ಯಾದೆಗಾಗಿ ತೇಲಿಸಿ ಹೇಳಿದ್ದೆ. ಅವ್ವ ಅಷ್ಟರಿಂದಲೇ ತಿಳಿದುಕೊಂಡಿದ್ದಳು. "ಮಗ ಇಪ್ಪತ್ತನಾಕ ದಾಟಂಗಿಲ್ಲ ಅಂತ ಗೊತ್ತಿದ್ದ ತಾಯಿ ಆಕಿ. ಆಕಿ ಹೊಟ್ಟ್ಯಾಗ ಏನಿತ್ತಂತ ಆ ಸಾಹೇಬಗ ಹೆಂಗ ತಿಳೀಬೇಕು? ಬರದಾನ, ಬರೀಲಿ. ಆಕಿ ಬರದಿದ್ದರ ಇವನ್ನ ಏನಂತ ಬರೀತಿದ್ದಳು?"

ಮರುದಿನದಿಂದ ಪುಸ್ತಕವನ್ನು ಮೊದಲಿನಿಂದ ಓದಿದೆ. ಈ ಸಲ ಪೆನ್ಸಿಲು ಹಿಡಿದು. ಟೇಲರ್ ಕಣ್ಣಾರೆ ಕಂಡದ್ದಕ್ಕೆ ಒಂದು ಗುರುತು, ಕೇಳಿ ಬರೆದದ್ದಕ್ಕೆ ಇನ್ನೊಂದು, ಊಹೆಗೆ ಮತ್ತೊಂದು. ವಾಚಕರು ಬೇಕಾದರೆ ಯಾವ ಆತ್ಮಕಥೆಯ ಮೇಲಾದರೂ ಇದನ್ನು ಪರೀಕ್ಷಿಸಬಹುದು. ಆದರೆ ಸ್ವಂತ ಪ್ರತಿಯ ಮೇಲೆ ಮಾತ್ರ. ಸುರಪುರದ ಬೇಸಾಯ, ಕೆರೆ, ಲೆಕ್ಕಪತ್ರ, ಬೇಟೆ, ತಾನೇ ಅಗೆಸಿ ನೋಡಿದ ಪ್ರಾಚೀನ ಶಿಲಾಸಮಾಧಿಗಳು, ಇವುಗಳಿರುವ ಪುಟಗಳಲ್ಲಿ ಮೊದಲನೆಯ ಗುರುತು ಒತ್ತೊತ್ತಾಗಿ ಬಿದ್ದಿತು. ಅಲ್ಲಿ ಅವನು ನಂಬತಕ್ಕ ಲೇಖಕ, ಶ್ರಮಜೀವಿ, ಕುತೂಹಲಿ. ಪತ್ನಿಯನ್ನು ಕಳೆದುಕೊಂಡು, ಮಾತಿಗೆ ತನ್ನ ದೇಶದವರಿಲ್ಲದೆ, ಆ ಗುಡ್ಡದ ಮೇಲೆ ಕಳೆದ ಒಂಟಿ ದಿನಗಳ ವರ್ಣನೆಯೂ ಸಾಚಾ. ಅರಸನನ್ನು ಕುರಿತ ದುಃಖವೂ ಸುಳ್ಳಲ್ಲವೆಂದೇ ಈಗಲೂ ನನ್ನ ಮತ. ಈ ವಿಷಯದಲ್ಲಿ ಕಾಕಾ ಅವರಿಗೂ ನನಗೂ ರಾಜಿಯಾಗಿಲ್ಲ. ಆದರೆ ರಾಣಿಯ ಪುಟಗಳಲ್ಲಿ ಎರಡನೆಯ ಮೂರನೆಯ ಗುರುತುಗಳೇ ಹೆಚ್ಚು. ಅವಳ ಪರವಾಗಿ ಮಾತನಾಡುವವರು ಆ ಪುಸ್ತಕದಲ್ಲಿ ಯಾರೂ ಇಲ್ಲ. ಅದೆಲ್ಲವನ್ನೂ ಅವನು ಬರೆದದ್ದು ಭಾರತವನ್ನು ಬಿಟ್ಟುಹೋದ ಎಷ್ಟೋ ವರ್ಷಗಳ ಮೇಲೆ. ಆಗ ಅರಸನೂ ಇರಲಿಲ್ಲ, ಸಂಸ್ಥಾನವೂ ಇರಲಿಲ್ಲ. 1858ರಲ್ಲಿ ಸುರಪುರ ಸರ್ಕಾರದ ವಶವಾದಾಗ ಅಲ್ಲಿ ಆಡಳಿತ ನಡೆಸಲು ಮತ್ತೆ ಬಂದವನು ಟೇಲರನೇ. 1860ರಲ್ಲಿ ಆ ಪ್ರದೇಶವನ್ನು ನಿಜಾಮನಿಗೆ ಬಿಟ್ಟುಕೊಟ್ಟರು. 'ಅಪ್ಪ' ಎನಿಸಿಕೊಂಡವನು ಮಗನ ಮನೆಯ ಕೊನೆಯ ಲೆಕ್ಕವನ್ನೂ ತಾನೇ ಬರೆದು ಬೀಗ ಹಾಕಿದ ಹಾಗಾಯಿತು. ಈ ಸಂಗತಿಗಳಾವುವೂ ನನಗೆ ಹೊಸವಲ್ಲ. ಅವುಗಳನ್ನು ಒಂದರ ಪಕ್ಕದಲ್ಲಿ ಒಂದಿಟ್ಟು ನೋಡಿರಲಿಲ್ಲ, ಅಷ್ಟೇ.

ಅವನದೇ ಇನ್ನೊಂದು ಪುಸ್ತಕದ ಮಾತು ಬಂದುದರಿಂದ ಅದನ್ನೂ ಹೇಳಿಬಿಡುತ್ತೇನೆ. ಚಾಂದಬೀಬಿಯನ್ನು ಕುರಿತ 'ಎ ನೋಬಲ್ ಕ್ವೀನ್' ಎಂಬ ಕಾದಂಬರಿ 1878ರಲ್ಲಿ ಪ್ರಕಟವಾಯಿತು. ಅದು ಆರಂಭವಾಗುವುದು ನಮ್ಮ ತಾಲ್ಲೂಕಿನ ಜಲದುರ್ಗದಲ್ಲಿ, ಕೃಷ್ಣೆ ಬಂಡೆಗಳ ನಡುವೆ ಭೋರ್ಗರೆಯುವ ತಾಣದಲ್ಲಿ! ಜಲದುರ್ಗದ ಹೆಸರು ಲಂಡನ್ನಿನಲ್ಲಿ ಅಚ್ಚಾಗಿತ್ತೆಂದು ತಿಳಿದು ಕಟ್ಟೆಯವರಿಗೆಲ್ಲ ಬಹಳ ಸಂತೋಷವಾಯಿತು. ಕಾದಂಬರಿಯ ವಿಷಯದಲ್ಲಿ ನನಗೆ ಅಷ್ಟು ಸಂತೋಷವಿಲ್ಲ. ಮೂರು ಸಂಪುಟ ಎಳೆದಾಡಿದ ಕಥೆ. ಪಾತ್ರಗಳೆಲ್ಲ ವೇಷ ಕಟ್ಟಿಕೊಂಡು ನಿಂತಂತಿವೆ. ಉಸಿರಾಡುವುದು ಹೊಳೆ ಮಾತ್ರ. ಆ ಹೊಳೆಯನ್ನು ಮಾತ್ರ ನಮ್ಮವರೇ ಅಷ್ಟು ಚೆನ್ನಾಗಿ ಬರೆದಿದ್ದನ್ನು ನಾನು ಓದಿಲ್ಲ. ಹೊಟ್ಟೆಕಿಚ್ಚಿನಿಂದಲೇ ಒಪ್ಪಿಕೊಳ್ಳುತ್ತೇನೆ.

ಟೇಲರನ ಗಲಾಟೆಯಲ್ಲಿ ಉಳಿದ ಪುಸ್ತಕಗಳಿಗೆ ಸ್ವಲ್ಪ ಅನ್ಯಾಯವಾಯಿತು. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದ 'ಹಾರ್ಟ್ ಲ್ಯಾಂಪ್'ಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದ ಸಂಗತಿಯನ್ನು ಎಲ್ಲರೂ ಬಲ್ಲರು; ಅನುವಾದಿಸಿದವರು ಮಡಿಕೇರಿಯ ದೀಪಾ ಭಾಸ್ತಿ. ಆ ವಾರ ನನ್ನ ವಿದ್ಯಾರ್ಥಿಗಳಲ್ಲಿ ಐದಾರು ಜನ ಬಂದು ಪುಸ್ತಕ ಕೇಳಿದರು. ಎಲ್ಲರೂ ಕೇಳಿದ್ದು ಇಂಗ್ಲಿಷಿನದನ್ನೇ! ಆ ಕಥೆಗಳು ಮೂವತ್ತು ವರ್ಷಗಳಿಗೂ ಮಿಕ್ಕಿ ಕನ್ನಡದಲ್ಲಿ ಬರುತ್ತಲೇ ಇದ್ದವು. 2004ರಲ್ಲಿ ಗಿರೀಶ ಕಾಸರವಳ್ಳಿಯವರು 'ಕರಿ ನಾಗರಗಳು' ಕಥೆಯಿಂದ 'ಹಸೀನಾ' ಚಲನಚಿತ್ರವನ್ನು ಮಾಡಿದ್ದರು. ಕನ್ನಡದ ಸಂಕಲನವನ್ನೇ ಓದಿದವಳು ನನ್ನ ಮಡದಿ. ಅವಳ ಅಭಿಪ್ರಾಯ ಚಿಕ್ಕದು: "ಒಂದೊಂದ ಕತಿ ಆದ ಮ್ಯಾಲ ಒಂದ ದಿನ ಬಿಟ್ಟು ಓದಬೇಕ್ರಿ. ಒಮ್ಮೆಲೇ ಓದಿದರ ಸಿಟ್ಟು ಗಂಡನ ಮ್ಯಾಲ ಬರತೈತಿ." ಈ ವಿಮರ್ಶೆಗೆ ನಾನು ಏನನ್ನೂ ಸೇರಿಸಲಾರೆ.

ಸೋದರಳಿಯನಿಗೆ ಅಮರೇಶ ನುಗಡೋಣಿಯವರ ಕಥೆಗಳನ್ನು ಕೊಟ್ಟಿದ್ದೆ. ನುಗಡೋಣಿಯವರು ಮಾನ್ವಿ ತಾಲ್ಲೂಕಿನವರು. ಅವರ 'ಸವಾರಿ' ಕಥೆಯನ್ನು ಆಧರಿಸಿ ಕಾಸರವಳ್ಳಿಯವರು ತೆಗೆದ 'ಕನಸೆಂಬ ಕುದುರೆಯನೇರಿ' ರಾಷ್ಟ್ರಪ್ರಶಸ್ತಿಯನ್ನು ಪಡೆದ ಚಿತ್ರ. ಹೆಣಕ್ಕೆ ಕುಣಿ ತೋಡುವ ಬಡವನ ಕನಸಿನಲ್ಲಿ ಸಿದ್ಧ ಬಂದರೆ ಊರಿನಲ್ಲಿ ಸಾವಾಯಿತೆಂದೇ ಲೆಕ್ಕ; ಒಮ್ಮೆ ಕನಸೇನೋ ಬೀಳುತ್ತದೆ, ಆದರೆ ಸತ್ತವರ ಸುದ್ದಿಯೇ ಹೊರಡುವುದಿಲ್ಲ. ದೊಡ್ಡ ಮನೆಯ ಸಾವನ್ನು ಒಳಗೇ ಮುಚ್ಚಿಟ್ಟಿರುತ್ತಾರೆ. ಹುಡುಗ ಕಥೆಗಳನ್ನು ಗಟ್ಟಿಯಾಗಿ ಓದುತ್ತಿದ್ದವನು ಮಾತುಕತೆ ಬಂದ ಕಡೆ ನಿಲ್ಲಿಸಿ ಕೇಳಿದ: "ಮಾವಾ, ಇದು ನಮ್ಮನಿ ಮಾತು. ಬುಕ್ಕಿನಾಗ ಹಿಂಗ ಬರೀಬಹುದೇನ್ರಿ?" ಪಠ್ಯಪುಸ್ತಕದ ಕನ್ನಡವನ್ನು ಹದಿನೈದು ವರ್ಷ ಓದಿದ ಹುಡುಗ. ತನ್ನ ನುಡಿಗೆ ಅಚ್ಚಿನಲ್ಲಿ ಜಾಗವಿದೆಯೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾಗಿದ್ದವರಲ್ಲಿ ನಾನೂ ಒಬ್ಬ. ಈ ಲೇಖನವನ್ನೇ ನಾನು 'ಇರುವುದು', 'ತಕ್ಕದ್ದು' ಎಂದು ಬರೆಯುತ್ತಿರುವಾಗ ಅವನಿಗೆ ಏನೆಂದು ಉತ್ತರ ಹೇಳಲಿ?

ರಜೆ ಮುಗಿಯುವ ಮುನ್ನ ಕಾಕಾ, ನಾನು, ಹುಡುಗ ಮೂವರೂ ಸುರಪುರಕ್ಕೆ ಹೋಗಿಬಂದೆವು. ಟೇಲರನ ಬಂಗಲೆ ಇಂದಿಗೂ ಗುಡ್ಡದ ಮೇಲಿದೆ. ಟೇಲರ್ ಮಂಜಿಲ್ ಎನ್ನುತ್ತಾರೆ. ಹತ್ತುವಾಗ ಕಾಕಾ ಎರಡು ಕಡೆ ಕುಳಿತು ದಣಿವಾರಿಸಿಕೊಂಡರು. ಮೇಲೆ ನಿಂತು ಬಹಳ ಹೊತ್ತು ಕೆಳಗೆ ನೋಡಿದರು. "ಜಾಗಾ ಚಲೋ ಹುಡುಕ್ಯಾನ. ಇಲ್ಲಿಂದ ಎಲ್ಲಾ ಕಾಣತೈತಿ" ಎಂದರು. ಆಮೇಲೆ ಏನೋ ಹೇಳಹೊರಟು ಸುಮ್ಮನಾದರು. ಇಳಿದು ಬಂದು ಚಹಾ ಕುಡಿಯುವಾಗ, ರಾಣಿ ಈಶ್ವರಮ್ಮನ ಭಾಗವನ್ನಷ್ಟು ಕನ್ನಡದಲ್ಲಿ ಬರೆದುಕೊಡಲು ಆಗುತ್ತದೆಯೇ ಎಂದು ಕೇಳಿದರು; ನಿಮ್ಮವ್ವನೂ ತಾನೂ ಕೂಡಿ ಓದುತ್ತೇವೆ, ನೀನು ತೇಲಿಸಿ ಹೇಳಿದ್ದನ್ನೂ ಬಿಡದೆ ಬರೆ, ಎಂದರು.

ಆ ಕೆಲಸವನ್ನು ಸೋದರಳಿಯನಿಗೆ ವಹಿಸಿದ್ದೇನೆ. ಅರ್ಥವಾಗದ ಕಡೆ ನಿಘಂಟು ಇದೆ, ನಾನಿದ್ದೇನೆ. ಇನ್ನೂರು ಪುಟದ ನೋಟುಪುಸ್ತಕದಲ್ಲಿ ಮೂವತ್ತು ಪುಟ ತುಂಬಿವೆ. ನಾನು ತಿದ್ದಿದ ಕಡೆಗಳಲ್ಲಿ ಅವನದೇ ಮಾತು ಚೆನ್ನಾಗಿತ್ತೆಂದು ಅವ್ವ ಎರಡು ಸಲ ಜಗಳಾಡಿದ್ದಾಳೆ. ಅರಸನು ಟೇಲರನನ್ನು ಕೂಗಿದ ಶಬ್ದ ಬಂದ ಕಡೆ ಹುಡುಗ ನಿಘಂಟನ್ನು ತೆರೆಯಬೇಕಾಗಲಿಲ್ಲ. ಇಂಗ್ಲಿಷ್ ಪುಸ್ತಕದಲ್ಲಿಯೂ ಅದು 'ಅಪ್ಪಾ' ಎಂದೇ ಇತ್ತು.